ಹೊಳೆಗೆ ಒಲ್ಲೆ ಎಂದ ಮದುಮಗಳು

ಗುಳೇದಗುಡ್ಡದ ಪ್ರಸನ್ನಪ್ಪನಿಗೆ ದೇವರ ಮೇಲೆ ಎಷ್ಟು ನಂಬಿಕೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳಿ ತಿಳಿಸುತ್ತಿದ್ದ. ಕುಪ್ಪಸದ ಖಣ ನೇಯುವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತಲೇ, ತನ್ನ ಪ್ರಾರ್ಥನೆಗೆ ದೇವರು ಯಾವಾಗ ಹೇಗೆ ಓಗೊಟ್ಟ ಎಂಬುದನ್ನು ಬಂದವರ ಮುಂದೆ ವರ್ಣಿಸುತ್ತಿದ್ದ. ಊರಿನ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬ. ಕೆಟ್ಟವನಲ್ಲ, ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವನಲ್ಲ. ಆದರೆ ಬಾಯಿಂದ ಒಂದು ಮಾತು ಹೊರಬಿತ್ತೆಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೆ ಬೆಣಚುಕಲ್ಲು ನುಂಗಿದಷ್ಟು ಕಷ್ಟ.

ಅವನ ಒಬ್ಬಳೇ ಮಗಳು ದೊರ್ಕಾ ಮಾತು ಕಡಿಮೆ ಆಡುವವಳು. ಅವಳು ಬೆಳೆದದ್ದು ಹೆಚ್ಚಾಗಿ ಅಜ್ಜಿ ಮಾರ್ತವ್ವನ ಮಗ್ಗುಲಲ್ಲಿ. ಮಾರ್ತವ್ವನ ಪ್ರಾರ್ಥನೆ ಮಗನ ಪ್ರಾರ್ಥನೆಯ ಹಾಗೆ ಉದ್ದವಾಗಿರುತ್ತಿರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯಲು ಹಿಟ್ಟು ನಾದುವ ಮೊದಲು, "ದೇವರ, ಇವತ್ತಿಗೆ ಬೇಕಾದಷ್ಟು ಬುದ್ಧಿ ಕೊಡು" ಎನ್ನುತ್ತಿದ್ದಳು. ಅಷ್ಟೇ.

"ಆಯೀ, ಬುದ್ಧಿ ಒಂದ ಯಾಕ ಕೇಳ್ತೀ? ಬ್ಯಾರೆ ಏನೂ ಬ್ಯಾಡೇನು?" ಎಂದು ಚಿಕ್ಕ ದೊರ್ಕಾ ಕೇಳಿದ್ದಳು.

"ಬ್ಯಾರೆದ್ದು ಕೊಟ್ರ ಇಟಗೊಳ್ಳಾಕ ಬುದ್ಧಿನ ಬೇಕಲ್ಲ ಮಗಳ? ಅದಿಲ್ಲಂದ್ರ ಬಂದಿದ್ದೂ ಹೋಗ್ತೈತಿ. ಮತ್ತ ಒಂದ್ ಮಾತು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೂದ ಅರ್ಧ ಬುದ್ಧಿ. ಉಳಿದ ಅರ್ಧ ಅವ ಕೊಡ್ತಾನ."

ಮಾರ್ತವ್ವ ತೀರಿಕೊಂಡ ಮೇಲೆ ದೊರ್ಕಾ ಅದೇ ಒಲೆಯ ಮುಂದೆ ಅದೇ ಮಾತನ್ನು ಕೇಳಿಕೊಳ್ಳುತ್ತ ಬಂದಳು. ಯಾರಿಗೂ ಹೇಳಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಇಳಕಲ್ಲಿನಿಂದ ಅವಳಿಗೆ ಸಂಬಂಧ ಕೂಡಿಬಂತು. ಹುಡುಗ ಯೋನಾಥ, ಸೀರೆ ನೇಯುವವನು. ಗುಳೇದಗುಡ್ಡದ ಖಣಕ್ಕೂ ಇಳಕಲ್ಲಿನ ಸೀರೆಗೂ ಮೊದಲಿನಿಂದ ನಂಟಿದೆ, ಒಂದನ್ನು ಕೊಂಡವರು ಇನ್ನೊಂದನ್ನು ಬಿಡುವುದಿಲ್ಲ ಎಂದು ಎರಡೂ ಕಡೆಯವರು ನಕ್ಕರು. ಹೆಣ್ಣು ನೋಡಲು ಬಂದ ದಿನ ಯೋನಾಥ ಹೆಚ್ಚು ಮಾತಾಡಲಿಲ್ಲ. ದೊರ್ಕಾ ನೇಯುತ್ತಿದ್ದ ಖಣದ ಅಂಚನ್ನು ಮುಟ್ಟಿ ನೋಡಿ, "ಕೈ ಭಾಳ ಹದ ಐತಿ" ಎಂದ. ಅಷ್ಟು ಮಾತು ಅವಳಿಗೆ ಸಾಕಾಯಿತು.

ಮಾತು ಹೆಚ್ಚಾದದ್ದು ಹಿರಿಯರದು. ಯೋನಾಥನಿಗೆ ತಂದೆ ಇರಲಿಲ್ಲ; ಮುಂದಾಳು ಅವನ ದೊಡ್ಡಪ್ಪ ಸ್ತೇಫನಪ್ಪ. ಬಾಯಿ ಚುರುಕಿನ ಮನುಷ್ಯ. ನಿಶ್ಚಯದ ದಿನ ಎಲೆಯಡಿಕೆ ಮುಂದಿಟ್ಟುಕೊಂಡು ಅವನು, "ಗುಡ್ಡದ ಮಂದಿ ಲಗ್ನಕ್ಕ ಬರೂದಂದ್ರ ಊಟಾ ಆರಿದ ಮ್ಯಾಲ ಬರ್ತಾರ ಅಂತ ಕೇಳೇನಿ" ಎಂದು ಚುಚ್ಚಿದ. ಪ್ರಸನ್ನಪ್ಪನಿಗೆ ಅದು ನಾಟಿತು. "ಹತ್ತಕ್ಕ ಗಂಟಿ ಹೊಡೀರಿ. ಗಂಟಿ ಸಪ್ಪಳ ನಿಲ್ಲೂದ್ರಾಗ ನನ್ನ ಮಗಳು ನಿಮ್ಮ ಗುಡಿ ಮೆಟ್ಟಲದ ಮ್ಯಾಲ ಇರ್ತಾಳ" ಎಂದುಬಿಟ್ಟ.

ಲಗ್ನಕ್ಕೆ ಮುಂಚಿನ ವಾರ ಹಿಂಗಾರಿ ಮಳೆ ಹಿಡಿಯಿತು. ಭಾನುವಾರದ ಆರಾಧನೆಯಲ್ಲಿ ಪ್ರಸನ್ನಪ್ಪ ಎದ್ದುನಿಂತು, ಮಳೆ ನಿಲ್ಲಬೇಕೆಂದು ಪ್ರಾರ್ಥಿಸಿದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಕಣ್ಣು ತೆರೆದು ಜನರ ಕಡೆ ತಿರುಗಿ, "ನೋಡ್ರಿ ಬೇಕಾದ್ರ, ಗುರುವಾರ ಲಗ್ನದ ದಿನ ಬಿಸಲು ಬೀಳ್ತೈತಿ. ನನಗ ಉತ್ತರ ಸಿಕ್ಕೈತಿ" ಎಂದೂ ಹೇಳಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಸುಗುಣವ್ವ ಮಗಳ ಕೈ ಹಿಸುಕಿದಳು. ದೊರ್ಕಾ ನೆಲ ನೋಡಿದಳು.

ಗುರುವಾರ ಬೆಳಿಗ್ಗೆ ನಿಜವಾಗಿಯೂ ಬಿಸಿಲು ಬಿತ್ತು.

ದಿಬ್ಬಣದ ಲಾರಿ ನಸುಕಿನಲ್ಲೇ ಹೊರಟಿತು. ಡ್ರೈವರ್ ಅಬ್ದುಲಸಾಬ ಇನ್ನೂ ಮೀಸೆ ಚಿಗುರುತ್ತಿದ್ದ ಹುಮ್ಮಸ್ಸಿನವನು. ಹಿಂದೆ ಹುಲ್ಲು ಹಾಸಿ ಜಮಖಾನೆ ಬಿಡಿಸಿದ್ದರು. ಅದರ ಮೇಲೆ ನಂಟರು, ಹೆಂಗಸರು, ಮಕ್ಕಳು, ಸಿಹಿ ಮಾದಲಿಯ ಬುಟ್ಟಿಗಳು, ದೊರ್ಕಾಳ ಟ್ರಂಕು. ಟ್ರಂಕಿನಲ್ಲಿ ಲಗ್ನದ ಬಿಳಿ ಸೀರೆ ಇತ್ತು. ಇಳಕಲ್ಲಿಗೆ ಹೋಗಿ ಉಡುವುದೆಂದು ಅವಳು ಹಾದಿಗೆ ಬೇರೆ ಸೀರೆ ಉಟ್ಟಿದ್ದಳು. ಹೆಂಗಸರು ಗೀತೆ ಎತ್ತಿದರು. ಪ್ರಸನ್ನಪ್ಪ ಮುಂದೆ ಅಬ್ದುಲಸಾಬನ ಪಕ್ಕ ಕೂತು ಕಿಟಕಿಯಿಂದ ತಲೆ ಹೊರಹಾಕಿ, "ಬಿಸಲು ಹ್ಯಾಂಗ ಬಿದ್ದೈತಿ ನೋಡಿದಿರೇನು!" ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ದೊರ್ಕಾಳೂ ನಕ್ಕಳು.

ಇಳಕಲ್ಲಿಗೆ ಎರಡು ಹಾದಿ. ಕಮತಗಿಯ ಮೇಲೆ ಹೋದರೆ ಎತ್ತರದ ಸೇತುವೆ, ಆದರೆ ಸುತ್ತು. ಐಹೊಳೆಯ ಕಡೆಯಿಂದ ಹೋದರೆ ಹತ್ತಿರ, ಆದರೆ ಮಲಪ್ರಭೆಯನ್ನು ಕೆಳಸೇತುವೆಯ ಮೇಲೆ ದಾಟಬೇಕು. ಪ್ರಸನ್ನಪ್ಪ ಹತ್ತಿರದ ಹಾದಿ ಹಿಡಿಸಿದ್ದ.

ಹೊಳೆ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿಸಿತು. ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ದಿನ್ನೆ ಇಳಿದು ಲಾರಿ ದಂಡೆಗೆ ಬಂದು ನಿಂತಾಗ ನೋಡಿದರೆ, ಗುಳೇದಗುಡ್ಡದಲ್ಲಿ ಬಿದ್ದ ಬಿಸಿಲಿನ ಸುದ್ದಿ ಹೊಳೆಗೆ ಯಾರೂ ಹೇಳಿದ ಹಾಗಿರಲಿಲ್ಲ. ಮೇಲೆ ಎಲ್ಲೋ ಸುರಿದ ಮಳೆಯೆಲ್ಲ ಕೆಂಪು ರಾಡಿಯಾಗಿ ಇಳಿದುಬರುತ್ತಿತ್ತು. ಸೇತುವೆ ನೀರಿನಡಿ ಹೋಗಿತ್ತು. ಅದರ ಎರಡೂ ಅಂಚಿನ ಗುರುತಿನ ಕಲ್ಲುಗಳ ತಲೆಗಳು ಮಾತ್ರ ಸಾಲಾಗಿ ಕಾಣುತ್ತಿದ್ದವು.

ಅಬ್ದುಲಸಾಬ ಇಳಿದು ನೋಡಿದ. "ಮೊಣಕಾಲುಮಟ ಇರಬೇಕ್ರಿ. ಇದಕ್ಕಿಂತ ದೊಡ್ಡ ನೀರಾಗ ದಾಟಿಸೇನಿ. ಕಲ್ಲಿನ ನಡುವ ಹಿಡದು ಹೊಡದ್ರ ಆತು."

"ಮತ್ಯಾಕ ನಿಂತಿ? ಹೊಡಿ" ಎಂದ ಪ್ರಸನ್ನಪ್ಪ.

ಆದರೂ ಇಬ್ಬರೂ ಕೂಡಲೇ ಹತ್ತಲಿಲ್ಲ. ದಂಡೆಯಲ್ಲಿ ನಿಂತು ಸ್ವಲ್ಪ ಹೊತ್ತು ನೀರನ್ನೇ ನೋಡಿದರು. ದೊರ್ಕಾ ಲಾರಿಯ ಮೇಲಿಂದ ನೋಡುತ್ತಿದ್ದಳು. ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇದು ಅಂಜಿಕೆಯೋ ಬುದ್ಧಿಯೋ ಎಂದು ಅವಳಿಗೆ ತಿಳಿಯಲಿಲ್ಲ. ಎರಡೂ ಒಳಗೆ ಒಂದೇ ದನಿಯಲ್ಲಿ ಮಾತಾಡುತ್ತಿದ್ದವು. ಲಗ್ನದ ದಿನ, ಎಲ್ಲಾ ಹುಡುಗಿಯರ ಎದೆಯೂ ಹೀಗೇ ಹೊಡೆದುಕೊಳ್ಳುತ್ತದೆಯೇನೋ. ಅಪ್ಪ ಹಿರಿಯ, ಪ್ರಾರ್ಥನೆಯ ಮನುಷ್ಯ. ಅವನಿಗೆ ತಿಳಿಯದ್ದು ತನಗೇನು ತಿಳಿದೀತು? ಕಣ್ಣು ಮುಚ್ಚಿ ಅಜ್ಜಿಯ ಮಾತನ್ನೇ ಕೇಳಿಕೊಂಡಳು. ಆಕಾಶದಿಂದ ಯಾವ ದನಿಯೂ ಬರಲಿಲ್ಲ. ಕಣ್ಣು ತೆರೆದಾಗ ಅವಳಿಗೆ ಕಂಡದ್ದು ಎರಡೇ. ಆಗ ಎಣಿಸುವಂತೆ ಕಾಣುತ್ತಿದ್ದ ಕಲ್ಲಿನ ತಲೆಗಳಲ್ಲಿ ನಡುವಿನವು ಈಗ ಕಾಣುತ್ತಿಲ್ಲ. ಮತ್ತೆ, ಅವಳ ಮೊಣಕಾಲಿಗೆ ಒರಗಿ ಅತ್ತೆಯ ಮಗಳ ಕೂಸು ನಿದ್ದೆ ಹೋಗಿತ್ತು.

ಅವಳು ಕೂಸನ್ನು ಮೆಲ್ಲಗೆ ಅದರ ತಾಯಿಯ ತೊಡೆಗೆ ಸರಿಸಿ, ಸೀರೆ ಎತ್ತಿ ಹಿಡಿದು, ಲಾರಿಯಿಂದ ಇಳಿದಳು. ಮದುಮಗಳು ತಾನಾಗಿ ಇಳಿದದ್ದನ್ನು ಕಂಡು ಹೆಂಗಸರು "ಅಯ್ಯ ಇಕೀನ!" ಎಂದರು. ದೊರ್ಕಾ ಹಾದಿಯ ಬದಿಯ ಒಂದು ಕಲ್ಲಿನ ಮೇಲೆ ಕೂತಳು.

"ಅಪ್ಪಾ, ನಾ ಇದನ್ನ ದಾಟೂದಿಲ್ಲ."

ಪ್ರಸನ್ನಪ್ಪ ಮೊದಲು ಕೇಳಿಸದವನಂತೆ ನಿಂತ. "ಏನಂದಿ?"

"ಕಮತಗಿ ಮ್ಯಾಲೆ ಸುತ್ತ ಹಾಕಿ ಹೋಗೂಣು. ತಡಾ ಆದ್ರ ಆಗ್ಲಿ."

"ತಡಾ ಆದ್ರ ಆಗ್ಲಿ? ಸ್ತೇಫನಪ್ಪನ ಮುಂದ ನಾ ಏನ್ ಮಾತ ಕೊಟ್ಟೇನಿ ಗೊತ್ತೈತಿಲ್ಲ ನಿನಗ? ಬಿಸಲು ಕೊಟ್ಟ ದೇವರು ಹೊಳಿ ದಾಟಿಸಂಗಿಲ್ಲೇನು? ಇಸ್ರಾಯೇಲರಿಗೆ ಸಮುದ್ರನ ದಾರಿ ಬಿಟ್ಟಿತ್ತು, ಇದೇನ್ ಮಹಾ?"

ದೊರ್ಕಾಳಿಗೆ ಅಪ್ಪನ ಮುಂದೆ ಎದುರಾಡಿ ರೂಢಿಯಿರಲಿಲ್ಲ. ಆದರೂ ಕಲ್ಲು ಬಿಟ್ಟು ಏಳಲಿಲ್ಲ. "ಅಲ್ಲೆ ದಾಟ್ರಿ ಅಂತ ಹೇಳಿದಾವ ದೇವರು, ಅಪ್ಪಾ. ಇಲ್ಲೆ ದಾಟ್ರಿ ಅನ್ನಾವ್ರು ನಾವ."

"ಅಂಜಬುರಕಿ ಮಾತು ಆಡಬ್ಯಾಡ. ನಂಬಿಕಿ ಇದ್ದಾವ್ರು ಹಿಂದ ಸರಿಯೂದಿಲ್ಲ."

"ನನಗ ಅಂಜಿಕಿ ಆಗೇತಿ, ಖರೆ. ನೀರಿನ ಕೆಳಗ ಏನೈತಿ ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ನಾ ಒಬ್ಬಾಕಿ ಇದ್ದಿದ್ರ ನಿನ್ನ ಮಾತಿಗಿ ಹೂಂ ಅಂತಿದ್ದೆ. ಹಿಂದ ಕೂಸುಗೋಳು ಕೂತಾವ."

ಪ್ರಸನ್ನಪ್ಪ ಸುಗುಣವ್ವನ ಕಡೆ ನೋಡಿದ. ಮಗಳಿಗೆ ಬುದ್ಧಿ ಹೇಳು ಎಂಬಂತೆ. ಸುಗುಣವ್ವ ತಾನೂ ಇಳಿದು ಮಗಳ ಪಕ್ಕ ಕೂತಳು. ಅವಳ ಹಿಂದೆ ಕೂಸಿನ ತಾಯಿ. ಆಮೇಲೆ ಒಬ್ಬೊಬ್ಬರೇ.

ಅಷ್ಟರಲ್ಲಿ ಹಿಂದಿನಿಂದ ಜೋಳದ ಚೀಲ ಹೇರಿದ ಇನ್ನೊಂದು ಲಾರಿ ಬಂತು. ಅಮೀನಗಡದ ಸಂತೆಗೆ ಹೊರಟದ್ದು. ಡ್ರೈವರ್ ತಲೆ ಹೊರಹಾಕಿ, "ಏನಾತ್ರಿ?" ಎಂದ.

"ಮದುಮಗಳು ಒಲ್ಲೆ ಅಂತ ಕುಂತಾಳ" ಎಂದ ಅಬ್ದುಲಸಾಬ, ಬೇಸರದಿಂದ.

ಆ ಡ್ರೈವರ್ ನಕ್ಕು, ಗೇರು ಬದಲಿಸಿ, ನೀರಿಗೆ ಇಳಿದೇಬಿಟ್ಟ. ಎಲ್ಲರೂ ಅದನ್ನೇ ನೋಡಿದರು. ನಡುಹೊಳೆಯಲ್ಲಿ ಲಾರಿ ಒಂದು ಸಲ ಜೋಲಿ ಹೊಡೆದಂತಾಯಿತು. ಆಮೇಲೆ ಸುಧಾರಿಸಿಕೊಂಡು, ನೀರು ಸುರಿಸುತ್ತ, ಆಚೆ ದಂಡೆ ಹತ್ತಿ, ಹಾರ್ನ್ ಹೊಡೆದು ಹೋಯಿತು.

ಪ್ರಸನ್ನಪ್ಪ ಮಗಳ ಕಡೆ ತಿರುಗಿದ. ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ನಂಟರಲ್ಲಿ ಕೆಲವರು, "ಅಂವ ದಾಟಿದನಲ್ಲ ಮತ್ತ" ಎಂದು ಗೊಣಗಿದರು. ದೊರ್ಕಾಳ ಕಣ್ಣಲ್ಲಿ ನೀರು ಬಂತು. ತಾನು ತಪ್ಪಿದೆನೇ ಎಂದು ಮನಸ್ಸು ಹೊಯ್ದಾಡಿತು. ಆದರೆ ಎದ್ದು ಲಾರಿ ಹತ್ತಲಿಲ್ಲ. "ಅಂವ ದಾಟಿದ್ದು ದೇವರ ದಯಾ. ಅವನ ಸಲುವಾಗಿ ಸಂತೋಷ. ನಾ ಮಾತ್ರ ಬರೂದಿಲ್ಲ" ಎಂದಳು. ಮದುಮಗಳಿಲ್ಲದ ದಿಬ್ಬಣವನ್ನು ಯಾರು ದಾಟಿಸುತ್ತಾರೆ? ಲಾರಿ ಹಿಂದಕ್ಕೆ ತಿರುಗಿತು.

ಅವಳ ಸಂಕಟ ಅಷ್ಟಕ್ಕೇ ಮುಗಿಯಲಿಲ್ಲ. ಬಂದ ಹಾದಿಯಲ್ಲಿ ಮರಳುವಾಗ ನಡುವೆ ಒಂದು ಹಳ್ಳ. ಬರುವಾಗ ಗಾಲಿ ನೆನೆಯುವಷ್ಟೇ ನೀರಿದ್ದದ್ದು ಈಗ ಎದೆಮಟ್ಟಕ್ಕೆ ಏರಿ ಭೋರ್ಗರೆದು ಹರಿಯುತ್ತಿತ್ತು. ಮುಂದೆ ಹೊಳೆ, ಹಿಂದೆ ಹಳ್ಳ. ಬಿಸಿಲೂ ಹೋಯಿತು, ಮಳೆ ಶುರುವಾಯಿತು. ದಿನ್ನೆಯ ಮೇಲೆ ಒಂದು ಸಣ್ಣ ಹಳ್ಳಿ ಇತ್ತು. ದಿಬ್ಬಣವೆಲ್ಲ ತೊಯ್ದು ಅಲ್ಲಿಗೆ ಹೋಯಿತು.

ಮೊದಲನೆಯ ಮನೆ ಮಾಳಪ್ಪನದು. ಬೀರಪ್ಪ ದೇವರ ಒಕ್ಕಲು, ಕುರಿ ಸಾಕಿ, ಕಂಬಳಿ ನೇಯ್ದು ಬಾಳುವವರು. ಅವನ ಹೆಂಡತಿ ರಾಮವ್ವ ಬಾಗಿಲಿಗೆ ಬಂದು, ತೊಯ್ದು ನಿಂತ ಮಂದಿಯನ್ನು ನೋಡಿ, ಯಾರು ಎತ್ತ ಎಂದು ಕೇಳುವ ಮೊದಲೇ, "ಕೂಸುಗಳನ್ನ ಒಳಗ ತರ್ರಿ ಮೊದಲ" ಎಂದಳು. ಕುರಿ ಕೂಡುವ ಚಪ್ಪರದಲ್ಲಿ ಕುರಿಗಳನ್ನು ಒಂದು ಕಡೆ ಒತ್ತಿ ಗಂಡಸರಿಗೆ ಜಾಗ ಮಾಡಿದರು. ಹೆಂಗಸರಿಗೆ ನಡುಮನೆ. ನೆರೆಮನೆಯವರು ರೊಟ್ಟಿ, ಶೇಂಗಾ ಚಟ್ನಿ ತಂದರು. ಮಾದಲಿಯ ಬುಟ್ಟಿ ಬಿಚ್ಚಿ ಇವರೂ ಕೊಟ್ಟರು. ಇಳಕಲ್ಲಿಗೆಂದು ಮಾಡಿದ್ದ ಲಗ್ನದ ಸಿಹಿಯನ್ನು ಕುರಿಹಟ್ಟಿಯ ಮಕ್ಕಳು ತಿಂದರು.

ದೊರ್ಕಾ ಮೂಲೆಯಲ್ಲಿ ಕೂತಿದ್ದಳು. ರಾಮವ್ವ ಒಂದು ಒಣ ಕಂಬಳಿ ತಂದು ಅವಳಿಗೆ ಹೊದಿಸಿ, ಪಕ್ಕದಲ್ಲೇ ಕೂತಳು.

"ಯಾಕ ಅಳತೀ ತಂಗೀ?"

"ಇವರನ್ನೆಲ್ಲಾ ಇಲ್ಲಿ ತಂದು ಸಿಗಿಸಿದಾಕಿ ನಾನರೀ. ಅಪ್ಪ ಮಾತಾಡವಲ್ಲ. ಅಲ್ಲೆ ಅವ್ರು ಏನ ತಿಳಕೊಂಡಾರೋ."

ಅವಳು ನಡೆದದ್ದನ್ನು ಹೇಳಿದಳು. ರಾಮವ್ವ ಕೇಳಿ, "ಹೊಳಿ ದಂಡಿ ಮ್ಯಾಲ ಹುಟ್ಟೇನಿ ನಾನು. ನಾನೂ ಹೇಳಾಕ ಬರೂದಿಲ್ಲ ತಂಗೀ, ದಾಟತಿದ್ರೋ ಕೊಚ್ಚಿ ಹೋಗತಿದ್ರೋ ಅಂತ. ಆದ್ರ ಇವತ್ತ ನನ್ನ ಮನ್ಯಾಗ ಇಷ್ಟ ಕೂಸುಗೋಳು ನಗಾಕ ಹತ್ಯಾವ. ನನಗ ಅಷ್ಟು ಸಾಕು" ಎಂದಳು.

ಆ ಮಾತು ದೊರ್ಕಾಳಿಗೆ ಹಿಡಿದುಕೊಳ್ಳಲು ಒಂದು ಆಸರೆಯಾಯಿತು. ತಾನು ಸರಿ ಎಂದು ಯಾರೂ ಹೇಳಲಿಲ್ಲ, ಹೇಳುವವರೂ ಇರಲಿಲ್ಲ. ಆದರೂ ಮಕ್ಕಳ ಸದ್ದು ಕೇಳುತ್ತ ಅವಳು ಮನಸ್ಸಿನಲ್ಲೇ ಸ್ತೋತ್ರ ಹೇಳಿ ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಹೊಳೆ ಇಳಿದಿದೆ ಎಂದು ಸುದ್ದಿ ಬಂತು. ಪ್ರಸನ್ನಪ್ಪ ಯಾರನ್ನೂ ಕರೆಯದೆ ದಂಡೆಯ ಕಡೆ ನಡೆದ. ಬಹಳ ಹೊತ್ತು ಬರಲಿಲ್ಲ. ಸುಗುಣವ್ವ ಗಾಬರಿಯಾಗಿ ಮಗಳನ್ನು ಕಳಿಸಿದಳು.

ದೊರ್ಕಾ ಹೋಗಿ ನೋಡಿದರೆ ಅಪ್ಪ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಸೇತುವೆಯ ಬೆನ್ನು ನೀರಿನಿಂದ ಮೇಲೆ ಎದ್ದಿತ್ತು. ನಡುವಿನಲ್ಲಿ, ಒಂದು ಲಾರಿ ಅಡ್ಡಡ್ಡ ಬಿದ್ದರೂ ಕಾಣದಷ್ಟು ಅಗಲಕ್ಕೆ, ಸೇತುವೆಯೇ ಇರಲಿಲ್ಲ. ಆ ಬಾಯೊಳಗಿಂದ ನೀರು ಸುಳಿ ಸುತ್ತಿ ಇಳಿಯುತ್ತಿತ್ತು. ಜೋಳದ ಲಾರಿ ದಾಟಿದ ಮೇಲೆ ಬಿದ್ದಿತೋ, ಅದರ ಭಾರಕ್ಕೇ ಸಡಿಲಾಗಿತ್ತೋ, ಯಾರಿಗೆ ಗೊತ್ತು. ಅದರ ಹಿಂದೆಯೇ ಇಳಿಯಬೇಕಾಗಿದ್ದದ್ದು ತಮ್ಮ ಲಾರಿ.

ದೊರ್ಕಾಳೂ ಅಪ್ಪನ ಪಕ್ಕ ಕೂತಳು.

ಪ್ರಸನ್ನಪ್ಪ, "ಪ್ರಾರ್ಥನಿ ಮಾಡಬೇಕಂತ ಕುಂತೇನಿ, ಮಗಳ. ಮಾತ ಬರವಲ್ವು" ಎಂದ. ಪೇಟದ ತುದಿಯಿಂದ ಕಣ್ಣೊರೆಸಿಕೊಂಡ. ಅಪ್ಪ ಅಳುವುದನ್ನು ಅವಳು ಅಜ್ಜಿಯನ್ನು ಮಣ್ಣು ಮಾಡಿದ ದಿನ ಬಿಟ್ಟರೆ ನೋಡಿರಲಿಲ್ಲ. "ನಾ ದೇವರನ್ನ ನಂಬತೇನಿ ಅಂತ ತಿಳಕೊಂಡಿದ್ದೆ. ನನ್ನ ಬಾಯಾಗಿಂದ ಬಿದ್ದ ಮಾತನ್ನ ನಂಬಾಕ ಹತ್ತಿದ್ದೆ ನೋಡು."

ಅವಳು ಅಪ್ಪನ ಕೈ ಹಿಡಿದುಕೊಂಡಳು. "ಬಿಸಲು ಬೀಳ್ತೈತಿ ಅಂದಿದ್ದು ಖರೆ ಆತಲ್ಲಪ್ಪ" ಎಂದಳು. ಅವನು ಅಳುತ್ತಳುತ್ತಲೇ ನಕ್ಕ. ಇಬ್ಬರೂ ಹಾಗೇ ಕೈ ಹಿಡಿದು ಕೂತರು. ಅವರ ಎದುರಿಗೆ ಹೊಳೆ ಹರಿಯಿತು, ಅವರು ಬದುಕಿದ್ದರು. ಅದನ್ನು ಪ್ರಾರ್ಥನೆ ಎನ್ನುವುದಾದರೆ ಅದೇ ಪ್ರಾರ್ಥನೆ.

ಅಷ್ಟರಲ್ಲಿ ಆಚೆ ದಂಡೆಯಲ್ಲಿ ಒಂದು ಜೀಪು ಬಂದು ನಿಂತಿತು. ಅದರಿಂದ ಮೂವರು ಇಳಿದರು. ಬಿಳಿ ಅಂಗಿಯ ಮೇಲೆ ಕಪ್ಪು ಕೋಟು ಹಾಕಿದವರು ಇಳಕಲ್ಲಿನ ಸಭೆಯ ಪಾದ್ರಿ ಅಯ್ಯನವರು, ಹಳದಿ ಪೇಟ ಸ್ತೇಫನಪ್ಪನದು, ಮೂರನೆಯವನು ಯೋನಾಥ. ಅವರು ಏನೋ ಕೂಗಿದರು, ಹೊಳೆಯ ಸದ್ದಿನಲ್ಲಿ ಕೇಳಲಿಲ್ಲ. ಆಚೆ ದಂಡೆಯ ಅಂಬಿಗ ಹುಲ್ಲಪ್ಪ, ನೀರಿನ ಸೆಳವು ಇನ್ನೂ ತಗ್ಗಲಿ ಎಂದು ಅವರನ್ನು ಮಧ್ಯಾಹ್ನದವರೆಗೆ ಕೂಡಿಸಿ, ಆಮೇಲೆ ಹರಿಗೋಲು ಹಾಕಿ ಈಚೆಗೆ ತಂದ.

ಅಲ್ಲಿ ಆದದ್ದು ಹೀಗೆ. ಜೋಳದ ಲಾರಿಯವನು ಅಮೀನಗಡದಲ್ಲಿ ಚಹಾ ಕುಡಿಯುತ್ತ, ಮದುಮಗಳೊಬ್ಬಳು ಒಲ್ಲೆ ಎಂದು ಹಾದಿಯಲ್ಲಿ ಕೂತ ಕತೆಯನ್ನು ಹೇಳಿದ್ದ. ಆ ಕತೆ ಬಸ್ಸು ಹತ್ತಿ ಹುನಗುಂದಕ್ಕೆ, ಹುನಗುಂದದಿಂದ ಇಳಕಲ್ಲಿಗೆ ಹೋಗುವಷ್ಟರಲ್ಲಿ, ಗುಳೇದಗುಡ್ಡದ ಹುಡುಗಿ ವರನನ್ನೇ ಒಲ್ಲೆ ಅಂದಳಂತೆ ಎಂದಾಗಿತ್ತು. ಗುಡಿಯಲ್ಲಿ ಗಂಟೆ ಹೊಡೆದು ಕಾದಿದ್ದವರ ನಡುವೆ ಅದು ಬಿದ್ದಾಗ ಕೇಳಬೇಕೆ? ಸ್ತೇಫನಪ್ಪ ಪೇಟ ತೆಗೆದು ಬೆಂಚಿಗೆ ಬಡಿದು, "ಈ ಸಂಬಂಧ ಹರೀತು! ಬ್ಯಾರೆ ಹೆಣ್ಣು ಇದ ವಾರದಾಗ ತರ್ತೇನಿ" ಎಂದು ಕೂಗಾಡಿದ್ದ. ಯೋನಾಥ ಅವಮಾನದಿಂದ ತಲೆ ತಗ್ಗಿಸಿ ಕೂತಿದ್ದವನು, ಕೊನೆಗೆ ಎದ್ದು, "ದೊಡ್ಡಪ್ಪ, ಒಂದ್ ಕಿವಿಲೆ ಕೇಳಿ ಮಾತ ಹರಿಬ್ಯಾಡ. ಆಕಿನ್ನ ಕೇಳೂಣು. ಆಕಿ ಬಾಯಿಲೆ ಒಲ್ಲೆ ಅಂದ್ರ ನಾ ಸುಮ್ಮನ ಬರ್ತೇನಿ" ಎಂದಿದ್ದ. ಅಯ್ಯನವರೂ ಅದೇ ಸರಿ ಎಂದು ಮರುದಿನ ನಸುಕಿನಲ್ಲಿ ತಾವೇ ಹೊರಟಿದ್ದರು.

ಹರಿಗೋಲಿನಿಂದ ಇಳಿದು ಸ್ತೇಫನಪ್ಪ ಬಾಯಿ ತೆರೆಯುವ ಮೊದಲೇ ಯೋನಾಥ ದೊರ್ಕಾಳ ಮುಂದೆ ಬಂದು ನಿಂತ. ಅವನ ಕಣ್ಣು ಕೆಂಪಾಗಿದ್ದವು.

"ನೀವು ಒಲ್ಲೆ ಅಂದ್ರಂತ?"

ದೊರ್ಕಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಸಿಯಾಯಿತು. "ಹೌದ್ರಿ, ಒಲ್ಲೆ ಅಂದೆ. ಹೊಳಿಗಿ ಅಂದೆ. ನಿಮಗಲ್ಲ."

ಯೋನಾಥ ತಿರುಗಿ ಸೇತುವೆಯ ನಡುವಿನ ಆ ಬಾಯಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಮುಖವನ್ನು ಅಂಗೈಯಿಂದ ಒರೆಸಿಕೊಂಡು ನಗತೊಡಗಿದ. ಅವಳೂ ನಕ್ಕಳು. ಅಯ್ಯನವರು "ಸ್ತೋತ್ರ" ಎಂದು ಮೆಲ್ಲಗೆ ಅಂದರು.

ಸ್ತೇಫನಪ್ಪ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. "ಅಂತೂ ಗುಡ್ಡದ ಮಂದಿ ಹತ್ತರ ಗಂಟಿಗೆ ಬರಲಿಲ್ಲ ಬಿಡ್ರಿ" ಎಂದ.

ಎಲ್ಲರೂ ಪ್ರಸನ್ನಪ್ಪನ ಮುಖ ನೋಡಿದರು. ನಿನ್ನೆಯ ಪ್ರಸನ್ನಪ್ಪನಾಗಿದ್ದರೆ ಅಲ್ಲೇ ಜಗಳ ಎದ್ದುಬಿಡುತ್ತಿತ್ತು. ಅವನು ಪೇಟ ತೆಗೆದು ಕೈಯಲ್ಲಿ ಹಿಡಿದು, "ಬರಲಿಲ್ಲ, ಬೀಗರ. ನನ್ನ ಮಾತ ಬಿತ್ತು. ನನ್ನ ಮಾತು ಉಳದಿದ್ರ ಇವ್ರು ಯಾರೂ ಉಳೀತಿರಲಿಲ್ಲ. ಬಿದ್ದಿದ್ದು ಚಲೋ ಆತು" ಎಂದ. ದಿನ್ನೆಯ ಮೇಲಿಂದ ದಿಬ್ಬಣದ ಮಕ್ಕಳು ಹರಿಗೋಲು ನೋಡಲು ಕೂಗುತ್ತ ಓಡಿಬರುತ್ತಿದ್ದರು. ಅವರನ್ನೂ ಹೊಳೆಯನ್ನೂ ನೋಡಿ ಸ್ತೇಫನಪ್ಪನ ಕೊಂಕು ತಾನಾಗಿ ಇಳಿಯಿತು. "ಬರ್ರಿ ಬೀಗರ" ಎಂದು ಪ್ರಸನ್ನಪ್ಪನನ್ನು ತಬ್ಬಿಕೊಂಡ.

ಮಕ್ಕಳುಮರಿ, ಮುದುಕರು, ಟ್ರಂಕು, ಬುಟ್ಟಿ ಎಲ್ಲವನ್ನೂ ಅಂದೇ ಹರಿಗೋಲಿನಲ್ಲಿ ದಾಟಿಸುವುದು ಆಗದ ಮಾತು. ಅಯ್ಯನವರು ಸ್ವಲ್ಪ ಯೋಚಿಸಿ, "ಈ ಲಗ್ನದ ಸುದ್ದಿ ಸಭಿಗೆ ಮೂರು ವಾರ ಓದಿ ಹೇಳೇವಿ, ಯಾರದೂ ತಕರಾರಿಲ್ಲ. ಎರಡೂ ಕಡೀ ಹಿರಿಯರು ಇಲ್ಲೆ ಅದಾರ. ಲಗ್ನ ಇಲ್ಲೇ ಮಾಡೂಣು" ಎಂದರು.

ಸುದ್ದಿ ಕೇಳಿ ರಾಮವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನಮ್ಮ ಮನ್ಯಾಗ? ಕುರಿ ಹಿಕ್ಕಿ ನಾತಾ ಹೊಡೀತೈತಲ್ಲ ಎವ್ವಾ!" ಎನ್ನುತ್ತಲೇ ಅಂಗಳ ಗುಡಿಸಿ ಸಾರಿಸಿದಳು. ಸುಗುಣವ್ವ ಮಗಳಿಗೆ ಬಿಳಿ ಸೀರೆ ಉಡಿಸಿದಳು. ನಿಲ್ಲಲು ಏನು ಹಾಸುವುದು ಎಂಬ ಪ್ರಶ್ನೆ ಬಂತು, ಜಮಖಾನೆ ತೊಯ್ದಿತ್ತು. ಮಾಳಪ್ಪ ಒಳಗಿನಿಂದ ಇನ್ನೂ ಬಳಸದ ಒಂದು ಕರಿ ಕಂಬಳಿ ತಂದ. "ನಮ್ಮಲ್ಲೆ ಇದರ ಮ್ಯಾಲ ದೇವರನ್ನ ಕುಂಡರಿಸ್ತೇವ್ರಿ. ನಿಮಗ ನಡೀತೈತೇನ್ರಿ?" ಎಂದು ಅಯ್ಯನವರನ್ನು ಅಂಜುತ್ತಲೇ ಕೇಳಿದ. ಅಯ್ಯನವರು ಕಂಬಳಿಯ ನೇಯ್ಗೆಯನ್ನು ಕೈಯಿಂದ ಸವರಿ, "ನೀವು ಇಷ್ಟು ಪ್ರೀತಿಲೆ ಕೊಟ್ಟಿದ್ದರ ಮ್ಯಾಲ ನಿಲ್ಲಾಕ ಈ ಹುಡುಗುರು ಪುಣ್ಯಾ ಮಾಡಿರಬೇಕು" ಎಂದರು.

ಕರಿ ಕಂಬಳಿಯ ಮೇಲೆ ಬಿಳಿ ಸೀರೆಯ ದೊರ್ಕಾ, ಪಕ್ಕದಲ್ಲಿ ಹೊಳೆಯ ರಾಡಿ ಹತ್ತಿದ ಧೋತರದ ಯೋನಾಥ. ಊರಿನವರೆಲ್ಲ ಬಂದು ಅಂಗಳದ ಸುತ್ತ ನಿಂತಿದ್ದರು. ಗೀತೆ ಹಾಡುವಾಗ ಕುರಿಗಳೂ ಒದರಿದವು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹುಡುಗಿಯ ತಂದೆ ಪ್ರಾರ್ಥಿಸಲಿ ಎಂದು ಅಯ್ಯನವರು ಹೇಳಿದಾಗ, ಪ್ರಸನ್ನಪ್ಪನ ಪ್ರಾರ್ಥನೆ ಬಲ್ಲವರು ಕಾಲು ಬದಲಿಸಿ ನಿಂತರು. ಅವನು ಎದ್ದು, "ಅಪ್ಪಾ ತಂದಿ, ನನ್ನ ಹುಚ್ಚುತನಾ ನೋಡಿಯೂ ನಮ್ಮನ್ನ ಕಾಯ್ದಿ. ನಿನ್ನ ಉಪಕಾರ. ಈ ಮನಿಯವರನ್ನ ಆಶೀರ್ವದಿಸು. ಈ ಇಬ್ಬರಿಗೂ ಬುದ್ಧಿ ಕೊಡು. ನನಗೂ ಕೊಡು" ಎಂದು ಕೂತ. ದೊರ್ಕಾ ಕಣ್ಣು ಮುಚ್ಚಿಕೊಂಡೇ ಅತ್ತಳು. ಈ ಸಲದ ಅಳು ಬೇರೆ.

ಹೊತ್ತು ಇಳಿಯುವ ಮೊದಲು ಮದುಮಕ್ಕಳನ್ನೂ ಅಯ್ಯನವರನ್ನೂ ಸ್ತೇಫನಪ್ಪನನ್ನೂ ಆಚೆ ದಾಟಿಸುವುದೆಂದು ಗೊತ್ತಾಯಿತು. ಉಳಿದವರು ಹಳ್ಳ ಇಳಿದ ಮೇಲೆ ಕಮತಗಿಯ ಮೇಲೆ ಬರುವುದು. ದಂಡೆಯಲ್ಲಿ ಪ್ರಸನ್ನಪ್ಪ ಹುಲ್ಲಪ್ಪನನ್ನು ಬಿಡಲಿಲ್ಲ. "ಸೆಳವು ಕಮ್ಮಿ ಆಗೇತಿಲ್ಲಪ? ಇನ್ನೊಂದೀಟು ಹೊತ್ತು ತಡದ್ರ ಹ್ಯಾಂಗ?"

"ಏ ಯಜಮಾನ್ರ, ಈಗ ಹೊಳಿ ಆಕಳಾಗೇತ್ರಿ. ಹತ್ತಿಸ್ರಿ" ಎಂದು ಹುಲ್ಲಪ್ಪ ನಕ್ಕ.

ಆದರೂ ಪ್ರಸನ್ನಪ್ಪ ತಾನೇ ನೀರಿಗೆ ಇಳಿದು ಸೆಳವು ನೋಡಿ ಬಂದ ಮೇಲೆಯೇ ಮಗಳನ್ನು ಹತ್ತಿಸಿದ. ರಾಮವ್ವ ಓಡಿಬಂದು ಆ ಕರಿ ಕಂಬಳಿಯನ್ನು ಮಡಚಿ ದೊರ್ಕಾಳ ಮಡಿಲಿಗೆ ಹಾಕಿದಳು. "ತವರಿಂದ ಬಂತು ಅಂತ ಇಟಗೋ. ವರ್ಷಕ್ಕೊಮ್ಮೆ ಬಂದು ಮಾರಿ ತೋರಿಸು." ದೊರ್ಕಾ ಬಗ್ಗಿ ಅವಳ ಕಾಲು ಮುಟ್ಟಹೋದಳು, ರಾಮವ್ವ ತಡೆದು ತಬ್ಬಿಕೊಂಡಳು.

ಹರಿಗೋಲು ತಿರುಗುತ್ತ ತಿರುಗುತ್ತ ನಡುಹೊಳೆಗೆ ಬಂತು. ದಂಡೆಯ ಜನ ಸಣ್ಣದಾದರು. ಆಚೆ ಇಳಿದು ಜೀಪು ಹತ್ತುವಾಗ ಯೋನಾಥ, "ನಿನ್ನಿ ನಾನೂ ಭಾಳ ಸಿಟ್ಟಾಗಿದ್ದೆ. ದೊಡ್ಡಪ್ಪನ ಮಾತಿಗೆ ಹೂಂ ಅನ್ನಾಕ ಬಾಯಿಗೆ ಬಂದಿತ್ತು" ಎಂದು ಮೆಲ್ಲಗೆ ಹೇಳಿದ.

"ಮತ್ತ ಯಾಕ ಅನಲಿಲ್ಲ?"

"ಗೊತ್ತಿಲ್ಲ. ಕೇಳಿ ಬರಬೇಕು ಅನಸ್ತು."

ಇಳಕಲ್ಲು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ನಿಂತಿರಲಿಲ್ಲ. ಮದುಮಗಳು ಒಲ್ಲೆ ಎಂದಳಂತೆ ಎಂದು ನಿನ್ನೆ ಕೇಳಿದ್ದವರೆಲ್ಲ ಈಗ ಅವಳನ್ನು ಕಣ್ಣಾರೆ ನೋಡಲು ಬಾಗಿಲಿಗೆ ಬಂದರು. ಯೋನಾಥನ ತಾಯಿ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಮುಂದೆ ಕೂತಳು. "ಉಣ್ಣವ್ವ. ನಿನ್ನಿ ಮಾಡಿದ ಅಡಗಿ ಎಲ್ಲಾ ಬಸ್‌ಸ್ಟ್ಯಾಂಡಿನ ಮಂದಿಗಿ ಹಂಚಿಬಿಟ್ಟೆ. ಇದು ನಿನಗಂತ ಮಾಡಿದ್ದು."

ದೊರ್ಕಾಳಿಗೆ ಎರಡು ದಿನದ ಹಸಿವು ಒಮ್ಮೆಲೇ ಎದ್ದಿತು. ರೊಟ್ಟಿ ಮುರಿಯುವ ಮೊದಲು ತಲೆ ಬಾಗಿಸಿದಳು. ಕೇಳಿಕೊಳ್ಳಲು ಅವಳಿಗೆ ಏನೂ ನೆನಪಾಗಲಿಲ್ಲ. ಉಪಕಾರ ಹೇಳುವುದೇ ಬಹಳವಿತ್ತು. ಅತ್ತೆ ಪಲ್ಯ ಆರುತ್ತದೆ ಎಂದು ನಗುತ್ತ ಎಚ್ಚರಿಸುವವರೆಗೂ ಅದು ಮುಗಿಯಲಿಲ್ಲ.